ಮಳಗಿ ಅಂದರೆ ಮಳಿಗೆಯಲ್ಲ

ಬೆಳಗಿನ ಚಹಾ ಆರುವ ಮೊದಲೇ ಪತ್ರಿಕೆಯಲ್ಲಿ ನಾನು ಬರೆದ ಸುದ್ದಿಯನ್ನು ಹುಡುಕಿ ಮುಗಿಸುವುದು ನನ್ನ ಹಳೆಯ ಚಟ. ಸರಕಾರ ಬೀಳಲಿ, ಏಳಲಿ, ನನಗೆ ಮೊದಲು ಬೇಕಾದದ್ದು ಒಳಪುಟದ ಮೂಲೆಯ 'ದಾಂಡೇಲಿ' ಎಂಬ ದಪ್ಪಕ್ಷರ. "ನೀವ ಬರದದ್ದು, ನೀವ ಓದೂದು. ಅದಕ್ಯಾಕ ಇಷ್ಟು ಅವಸರಾ?" ಎಂದು ಹೆಂಡತಿ ಶಾಂತಾ ನಗುತ್ತಿದ್ದಳು. ಸುದ್ದಿ ಬಂದಿದ್ದರೆ ಕೆಲಸ ಇನ್ನೂ ಇದೆ ಎಂದರ್ಥ, ಗೆಳೆಯರೇ. ಅದನ್ನು ಅವಳಿಗೆ ಹೇಳುವ ಧೈರ್ಯ ನನಗಿರಲಿಲ್ಲ.

ಮೊದಲು ಈ ಭಯವಿರಲಿಲ್ಲ. ಬರೆದ ಹಾಳೆಗಳನ್ನು ಲಕೋಟೆಗೆ ಹಾಕಿ ಹುಬ್ಬಳ್ಳಿ ಬಸ್ಸಿನ ಕಂಡಕ್ಟರರ ಕೈಗಿತ್ತರೆ, ಅಲ್ಲಿ ಕಚೇರಿಯವರು ಇಳಿಸಿಕೊಳ್ಳುತ್ತಿದ್ದರು. ಮುಂಡಗೋಡದ ವರದಿಗಾರ, ನನ್ನ ಗೆಳೆಯ ನಾಗಪ್ಪನದೂ ಇದೇ ದಾರಿ. ನಮ್ಮ ಕೈಬರಹವನ್ನೂ ನಮ್ಮ ಊರುಗಳನ್ನೂ ಬಲ್ಲ ಹಿರಿಯರು ಕಚೇರಿಯಲ್ಲಿದ್ದರು. ಆಮೇಲೆ ಫ್ಯಾಕ್ಸ್ ಬಂತು, ಕಂಪ್ಯೂಟರ್ ಬಂತು, ಅವು ಒಳಗೆ ಬಂದಂತೆಲ್ಲ ಹಿರಿಯರು ಹೊರಗೆ ನಡೆದರು. ಪುಟ ಕಟ್ಟುವ ಕೆಲಸ ಬೆಂಗಳೂರಿಗೆ ಹೋಯಿತು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಎಲ್ಲಕ್ಕೂ ಒಬ್ಬನೇ ಸಾಕು ಎಂಬ ಮಾತು ಹಬ್ಬಿತು. ಇದ್ದವರು ನಾವಿಬ್ಬರೇ. ಫೋನು ರಿಂಗಾದರೆ ಸಾಕು, ಕೆಲಸ ಹೋಯಿತೆಂದೇ ಎತ್ತುತ್ತಿದ್ದೆ. ಭಯದ ಕೆಟ್ಟ ಗುಣವೆಂದರೆ ಅದು ಒಬ್ಬನನ್ನೇ ಹೆದರಿಸಿ ಸುಮ್ಮನಾಗುವುದಿಲ್ಲ, ಪಕ್ಕದಲ್ಲಿ ಕೂತ ಗೆಳೆಯನನ್ನೂ ಬೇರೆ ಕಣ್ಣಿನಿಂದ ನೋಡಿಸುತ್ತದೆ. ಸುದ್ದಿ ಬರೆಯುವುದು ಬಿಟ್ಟು ಬೇರೇನೂ ಬಾರದ ನನಗೆ ಈ ವಯಸ್ಸಿನಲ್ಲಿ ಯಾರು ಕೆಲಸ ಕೊಟ್ಟಾರು?

ಒಂದು ದಿನ ಬೆಂಗಳೂರಿನಿಂದ ಹೊಸ ಸುದ್ದಿ ಸಂಪಾದಕರ ಫೋನು ಬಂತು. "ನಿಮ್ಮ ಮುಂಡಗೋಡದ ನಾಗಪ್ಪನಿಗೆ ಕನ್ನಡ ಬರಲ್ವೇನ್ರೀ? 'ಮಳಗಿಗೆ ಬಸ್ಸಿಲ್ಲ' ಅಂತ ಬರೆದಿದ್ರು. ನಾವು 'ಮಳಿಗೆ' ಅಂತ ತಿದ್ದಿ ಹಾಕಿದ್ವಿ. ಈಗ ಊರಿನವರು ಬೈತಿದ್ದಾರೆ."

ನಮ್ಮ ಕಡೆ ಅಂಗಡಿಗೂ ಮಳಗಿ ಎನ್ನುವುದುಂಟು, ನಿಜ. ಆದರೆ ಅಂಗಡಿಗೆ ಬಸ್ಸಿಲ್ಲ ಎಂದು ಯಾರಾದರೂ ಅಳುತ್ತಾರೆಯೇ? ನಗಬೇಕಾದ ಮಾತಿಗೆ ನನಗೆ ನೆನಪಾದದ್ದು 'ಒಬ್ಬನೇ ಸಾಕು' ಎಂಬ ಸುದ್ದಿ. ಬರೀ 'ಹೂಂ' ಎಂದಿದ್ದರೆ ತಪ್ಪು ನಾಗಪ್ಪನದಾಗಿ ನನ್ನ ಅನ್ನ ಉಳಿಯುತ್ತಿತ್ತು. ಅನ್ನಲಾಗಲಿಲ್ಲ. "ಹಂಗಲ್ರಿ ಸರ್. ಮಳಗಿ ಅನ್ನೂದು ಮುಂಡಗೋಡ ತಾಲೂಕಿನ ಒಂದು ಊರು. ಅವರು ಬರದದ್ದು ಬರೋಬ್ಬರಿ ಐತ್ರಿ" ಎಂದೆ.

"ಓ, ನಿಮಗೆ ಆ ಕಡೇನೂ ಗೊತ್ತಾ? ಹಾಗಿದ್ರೆ ಬರೋ ತಿಂಗಳಿಂದ ಅದನ್ನೂ ನೀವೇ ನೋಡ್ಕೊಳ್ಳಿ" ಎಂದರು.

ನನಗೆ ಇನ್ನೊಂದು ತಾಲೂಕು ಸಿಕ್ಕಿತೆಂಬ ಖುಷಿಗೆ ಶಾಂತಾ ಸಿಹಿ ಶಿರಾ ಮಾಡಿದಳು, ನಾನು ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ. ಮರುದಿನ ಮುಂಡಗೋಡಕ್ಕೆ ಹೋಗಿ ನಾಗಪ್ಪನಿಗೆ ನಡೆದದ್ದನ್ನೆಲ್ಲ ಹೇಳಿದೆ. "ಖರೇನ ಹೇಳೀದಿ ಬಿಡೋ. ನಾನಿದ್ರೂ ಹಂಗ ಹೇಳ್ತಿದ್ದೆ" ಎಂದ. ಅವನು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಗೆಳೆಯನ ಪರವಾಗಿ ಆಡಿದ ಮಾತೇ ಅವನ ಕೆಲಸ ಕಿತ್ತುಕೊಂಡರೆ, ಇನ್ನು ಯಾವ ಮಾತನ್ನು ನಂಬಿ ಬದುಕುವುದು?

ಕಳೆದ ವಾರ ನೆರೆಯ ಖಾನಾಪುರದ ನಮ್ಮ ವರದಿಗಾರ ಫೋನ್ ಮಾಡಿದ್ದ. ದನಿಯಲ್ಲಿ ಉಪಕಾರ ಮಾಡಿದ ಸಂತೋಷವಿತ್ತು. "ನೀವು ರಾಮನಗರದ ಸುದ್ದಿ ಕಳಿಸಿದ್ರಲ್ಲಾ, ಅದು ಬೆಂಗಳೂರ ಹತ್ರದ್ದೇನು ಅಂತ ಆಫೀಸಿನವರು ನನಗ ಕೇಳಿದ್ರು. ಅಲ್ರಿ, ಅದು ಜೋಯಿಡಾ ತಾಲೂಕಿಂದು, ಅವರು ಬರದದ್ದು ಬರೋಬ್ಬರಿ ಐತಿ ಅಂತ ಹೇಳೀನ್ರಿ."

"ಅದಕ್ಕ ಅವರು ಏನಂದ್ರು?" ಎಂದು ಕೇಳಿದೆ.

"ಏನಿಲ್ರಿ. ನಿಮಗ ಆ ಕಡೀನೂ ಗೊತ್ತೈತೇನು ಅಂದ್ರು."