ಎಂಟು ಹಲ್ಲಿನ ಮೇಲೆ

ಟಗರಿಗೆ ಎಂಟು ಹಲ್ಲು ಬಂದ ಮೇಲೆ ನಮ್ಮ ಕಡೆ ಅದರ ವಯಸ್ಸನ್ನು ಯಾರೂ ಕೇಳುವುದಿಲ್ಲ. ಕಾಳಗದಲ್ಲಿ ಎರಡು ಹಲ್ಲಿನದಕ್ಕೆ ಎರಡು ಹಲ್ಲಿನದೇ ಜೋಡಿ, ನಾಲ್ಕಿನದಕ್ಕೆ ನಾಲ್ಕಿನದೇ. ಎಂಟಾಯಿತೋ, ಲೆಕ್ಕ ಮುಗಿಯಿತು. ನಿನ್ನೆ ಎಂಟನೆಯ ಹಲ್ಲು ಬಂದದ್ದೂ ಹಲ್ಲು ಸವೆದ ಮುದಿಯದೂ ಒಂದೇ ಸಾಲು. ಈ ನಿಯಮ ನನಗೆ ಬಹಳ ಹಿಡಿಸಿತ್ತು. ಅರವತ್ತು ದಾಟಿದವರನ್ನು ಕಟ್ಟೆಯ ಮೇಲೆ ಕೂರಿಸಿ ರಾಮ ರಾಮ ಎನ್ನಿಸುವ ಲೋಕಕ್ಕಿಂತ ಇದು ವಾಸಿ; ಇಲ್ಲಿ ಮುದುಕನಿಗೂ ಗುದ್ದುವ ಹಕ್ಕಿದೆ.

ರಾಯದುರ್ಗದ ಡಿಪೋದಲ್ಲಿ ಬಸ್ಸುಗಳ ಕೆಳಗೆ ಮಲಗಿ ನಟ್ಟು ಬಿಗಿದೇ ನಾನು ನಿವೃತ್ತನಾದವನು. ಶಾಲು ಹೊದಿಸಿದವರೆಲ್ಲ ಇನ್ನು ಕೋಪ ಬಿಡಿ, ವಾಕಿಂಗ್ ಮಾಡಿ ಎಂದರು. ಕೋಪ ಬಿಟ್ಟರೆ ನನ್ನಲ್ಲಿ ಉಳಿಯುವುದೇನು? ನಾನು ಕಣೇಕಲ್ಲಿಗೆ ಹೋಗಿ ಒಂದು ಟಗರು ಮರಿ ತಂದೆ. ಅರವತ್ತಕ್ಕೆ ಅರಳುಮರಳು ಎಂದು ಬೀಗರು ನಕ್ಕರು.

ದಿನಾ ಬೆಳಿಗ್ಗೆ ಅದರ ಹಣೆಗೆ ಅಂಗೈಯಿಂದ ಗುದ್ದುತ್ತಿದ್ದೆ. ಕಾಳಗದ ಟಗರನ್ನು ತಯಾರು ಮಾಡುವುದೇ ಹಾಗೆ. ಅದು ಹಿಂದೆ ಸರಿದು ಬಂದು ನನ್ನ ಅಂಗೈಗೆ ಅಪ್ಪಳಿಸುತ್ತಿತ್ತು. ಭುಜದವರೆಗೆ ಜುಮ್ಮೆನ್ನುವ ಆ ಪೆಟ್ಟಿನಲ್ಲಿ ನನಗೆ ಹರೆಯ ಮರಳುತ್ತಿತ್ತು. ಇದನ್ನು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ವರ್ಷಗಟ್ಟಲೆ ಗೆದ್ದೆವು. ಒಮ್ಮೆ ಎದುರಾಳಿ ಟಗರಿನ ಕೊಂಬು ಬುಡಸಮೇತ ಕಿತ್ತುಬಂದು ರಕ್ತ ನನ್ನ ಅಂಗಿಗೆ ಸಿಡಿದಾಗ ಸಿಳ್ಳೆ ಹಾಕಿದವನು ನಾನೇ.

ಹೋದ ಚಳಿಗಾಲದಲ್ಲಿ ಟಗರು ಹೊತ್ತಿಲ್ಲದ ಹೊತ್ತಿನಲ್ಲಿ ಗೋಡೆಗೆ ಹಣೆ ಒತ್ತಿ ನಿಲ್ಲತೊಡಗಿತು. ಕಾಳಗಕ್ಕೆ ಕೈಕಾಲು ತುರಿಸುತ್ತಿವೆ ಎಂದು ನಾನು ಖುಷಿಪಟ್ಟೆ. ನಮ್ಮಲ್ಲಿ ಯಾವ ಟಗರಿನವನನ್ನು ಕೇಳಿದರೂ ಅದನ್ನೇ ಹೇಳುತ್ತಾನೆ. ಮೇವು ಹಾಕುವ ನನ್ನ ಹೆಂಡತಿ ಮಾತ್ರ ಒಪ್ಪಲಿಲ್ಲ.

"ಅದು ಹುರುಪಲ್ರಿ. ತಲಿ ನೋಯಾಕ ಹತ್ತೈತಿ. ಇನ್ನೊಮ್ಮೆ ಆಡಿಸಿದ್ರ ಸಾಯ್ತೈತಿ ನೋಡ್ರಿ."

ನಿನಗೇನು ಗೊತ್ತು ಎಂದು ಗದರಿ, ಟಗರನ್ನು ಆಟೋದಲ್ಲಿ ಹತ್ತಿಸಿಕೊಂಡು ಹೊರಟೆ.

ಕಣೇಕಲ್ಲು ಕೆರೆಯ ಕೆಳಗೆ, ಭತ್ತ ಕೊಯ್ದ ಗದ್ದೆಯಲ್ಲಿ ಕಾಳಗ. ಎದುರಾಳಿ ಬಳ್ಳಾರಿ ಕಡೆಯ ಹರೆಯದವನು. ಅವನ ಟಗರಿಗೆ ಆಗಷ್ಟೇ ಎಂಟು ಹಲ್ಲು. ಯಜ್ಜ, ಯಾರ ಹಲ್ಲು ಎಣಿಸೋಣ, ನಿಂದೋ ಟಗರಿಂದೋ ಎಂದು ಅವನು ಕಿಚಾಯಿಸಿದ. ಪಂಚರು ತೆಲುಗಿನಲ್ಲಿ "ವದಲಂಡಿ" ಎಂದು ಕೂಗಿದರು, ಹಗ್ಗ ಬಿಟ್ಟೆವು.

ಮೊದಲ ಗುದ್ದಿಗೆ ಜನ ಹೋ ಎಂದರು. ಎರಡನೆಯದಕ್ಕೆ ನನ್ನ ಟಗರಿನ ಮೂಗಿನಿಂದ ರಕ್ತ ಇಳಿಯಿತು. ಮೂರನೆಯದಕ್ಕೆ ಅದರ ಮುಂಗಾಲು ಮಡಚಿ, ಬಾಯಿ ಮಣ್ಣಿಗೆ ಬಡಿಯಿತು. ಎದ್ದಿತು. ಮತ್ತೆ ಹಿಂದೆ ಸರಿಯಿತು. ಟಗರು ಹಿಂದೆ ಸರಿಯುವುದು ಗುದ್ದುವುದಕ್ಕೇ ಎಂದು ಮಕ್ಕಳಿಗೂ ಗೊತ್ತು. ಆದರೆ ಅದರ ಹಿಂಗಾಲು ನಡುಗುತ್ತಿತ್ತು. ನಿಂತಲ್ಲೇ ಅದು ತಲೆಯನ್ನು ಗಾಳಿಗೆ ಒತ್ತಿತು, ಎದುರಿಗೆ ಗೋಡೆಯಿದೆ ಎನ್ನುವಂತೆ. ಹೆಂಡತಿಯ ಮಾತು ಆಗ ನನ್ನ ಎದೆಗೆ ಗುದ್ದಿತು. ಇದಕ್ಕೆ ಸೋಲು ಗೊತ್ತಿಲ್ಲ, ಅದನ್ನು ನಾನು ಕಲಿಸಿಯೇ ಇಲ್ಲ. ಸಾಯುವವರೆಗೂ ಬರುತ್ತದೆ.

ಹಗ್ಗ ಹಿಡಿದರೆ ಸೋತಂತೆ. ಸೋತ್ವಿ ಎಂದು ಕೂಗುತ್ತಾ ಒಳಗೆ ನುಗ್ಗಿ ಹಗ್ಗ ಹಿಡಿದೆ. ಆದರೆ ಆ ಕಡೆಯದು ಆಗಲೇ ಓಡಿ ಬರುತ್ತಿತ್ತು. ನನ್ನ ತೊಡೆ ಒಣ ಜಾಲಿಯಂತೆ ಲಟಕ್ಕೆಂದಿತು. ಕೆಳಗೆ ಬಿದ್ದು ಹೊರಳಾಡಿದರೂ ಹಗ್ಗ ಬಿಡಲಿಲ್ಲ. ಜನ ಸಿಳ್ಳೆ ಹಾಕುತ್ತಿದ್ದರು.

ಆಸ್ಪತ್ರೆಯಲ್ಲಿ ಕಾಲಿಗೆ ರಾಡು ಕೂಡಿಸಿದರು. ಊರಿಗೆ ಊರೇ ಬುದ್ಧಿ ಹೇಳಲು ಬಂದು ಮನೆಯ ಚಹಾಪುಡಿ ಖಾಲಿ ಮಾಡಿತು. ಅವರ ಮೇಲೆ ಎಸೆಯಲು ಕೈಗೆ ಏನೂ ಸಿಗದಂತೆ ಹೆಂಡತಿ ಮೊದಲೇ ಎಲ್ಲ ಎತ್ತಿಟ್ಟಿದ್ದಳು.

ಕೋಲು ಹಿಡಿದು ಅಂಗಳಕ್ಕೆ ಇಳಿದ ಮೊದಲ ಬೆಳಿಗ್ಗೆ ಟಗರು ನನ್ನನ್ನು ನೋಡಿತು. ಅದರ ಗಾಯ ಒಣಗಿತ್ತು. ಅದು ಹಗ್ಗದ ಉದ್ದಕ್ಕೂ ಹಿಂದೆ ಸರಿಯಿತು. ನನಗೆ ಭಯವಾಗಬೇಕಿತ್ತು. ಬದಲಿಗೆ ಕೋಲು ಗೋಡೆಗೆ ಒರಗಿಸಿ, ಮುರಿದ ಕಾಲನ್ನೇ ಊರಿ, ಅಂಗೈ ಮುಂದೆ ಚಾಚಿದೆ. ಬಾ ಎಂದೂ ಅಂದೆನೇನೋ.

ಹೆಂಡತಿ ಮೇವಿನ ಬುಟ್ಟಿ ಹೊತ್ತು ನಡುವೆ ಬಂದು ನಿಂತಳು. ಗದ್ದೆಯಲ್ಲಿ ನಾನು ನುಗ್ಗಿ ನಿಂತದ್ದೂ ಹೀಗೇ, ಗುದ್ದಿನ ನಡುವೆ. ಆದರೆ ಅವಳು ಓಡಿ ಬರಲಿಲ್ಲ, ಕೂಗಲೂ ಇಲ್ಲ.

"ಮೊದ್ಲು ಇಬ್ರೂ ಕೂಡಿ ನನ್ನ ಗುದ್ರಿ," ಎಂದಳು. "ಆಮ್ಯಾಲ ಹರೇದವರಾಗ್ರಿ."

ಟಗರು ಬುಟ್ಟಿಯನ್ನು ಮೂಸಿತು. ಚಾಚಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ನಾನು ಅವಳ ಭುಜ ಹಿಡಿದುಕೊಂಡೆ. ಆ ಭುಜ ನಡುಗುತ್ತಿತ್ತು.