ಮಲ್ಲಿಗೆಗೆ ಹಾಕಿದಂತೆ ನೀರು

ಕೊಲ್ಲಿ ನಾಡಿನ ರುವೈಸ್ ಪಟ್ಟಣದ ಆಚೆ, ಒಂಟೆಗಳು ಮೇದು ಬೋಳಾಗಿದ್ದ ಮರಳುಗಾಡಿಗೆ ಜಿಂಕೆಗಳು ಮರಳಲೆಂದು ನನ್ನ ತಮ್ಮ ಗಾಫ್ ಮರದ ಸಸಿಗಳನ್ನು ಬೆಳೆಸುತ್ತಿದ್ದ. ರಜೆಗೆ ಊರಿಗೆ ಹೊರಟಾಗ ಅವುಗಳನ್ನು ನನಗೆ ಒಪ್ಪಿಸಿದ.

“ವಾರಕ್ಕೊಮ್ಮೆ ಮಾತ್ರ ನೀರು, ಅಣ್ಣ. ಬಾಯಾರಿದ್ರೆ ಮಾತ್ರ ಬೇರು ಕೆಳಗೆ ಇಳಿಯುದು.”

ನನಗೆ ಪಾಪ ಅನ್ನಿಸಿತು. ಉಡುಪಿಯಲ್ಲಿ ಅಮ್ಮ ಮಲ್ಲಿಗೆಗೆ ಹಾಕುವಂತೆ ದಿನವೂ ಹಾಕಿದೆ. ಬೇರು ಮೇಲೆಯೇ ಉಳಿಯಿತು. ತಮ್ಮ ಮರಳಿ ಬಂದು, ಬೇಸಗೆಯಲ್ಲಿ ಯೋಜನೆಯಂತೆ ನೀರು ನಿಲ್ಲಿಸಿದಾಗ ಸಸಿಗಳೆಲ್ಲ ಒಣಗಿದವು. ಸೂಪರ್‌ವೈಸರ್ ತಮ್ಮನನ್ನು ಬೈಯುವಾಗ ನಾನು ಪಕ್ಕದಲ್ಲಿದ್ದೂ ಬಾಯಿ ಬಿಡಲಿಲ್ಲ.

ಚಳಿಗಾಲದಲ್ಲಿ ಅವನು ಮತ್ತೆ ಗುಂಡಿ ತೋಡುತ್ತಿದ್ದಾಗ ಎಲ್ಲ ಹೇಳಿದೆ.

“ಒಣಗಿದ ಸಸಿ ಕಿತ್ತು ಬೇರು ನೋಡಿದಾಗ್ಲೇ ಗೊತ್ತಾಯ್ತು ಮಾರಾಯ. ನೀನೇ ಹೇಳ್ತಿ ಅಂತ ಕಾದೆ,” ಎಂದ. “ಯಲ್ಲಾ, ಬಾ ಬಾ, ಗುದ್ದಲಿ ಹಿಡಿ.”

ಹಿಡಿದೆ. ಸಂಜೆ ಸೂಪರ್‌ವೈಸರ್‌ಗೂ ಹೇಳಿದೆ. ಈಗ ಸಸಿ ಬಾಡಿದಂತೆ ಕಂಡರೂ ವಾರ ತುಂಬುವವರೆಗೆ ಪೈಪ್ ಮುಟ್ಟುವುದಿಲ್ಲ.