ಬ್ಯಾಟರಿಗೆ ಹಚ್ಚಿದ ವಿಭೂತಿ

ಸೋಮವಾರ ಹತ್ತೂವರೆಯೊಳಗೆ ಕೊರಟಗೆರೆಯ ಹೆಣ್ಣುಮಕ್ಕಳ ಶಾಲೆಗೆ ಹಾಜರಾಗಿ ರುಜು ಹಾಕಬೇಕು, ತಪ್ಪಿದರೆ ಪಟ್ಟಿಯಲ್ಲಿ ನನ್ನ ನಂತರ ಇರುವವರಿಗೆ ಕೆಲಸ ಹೋಗುತ್ತದೆ ಎಂದು ಉಪಾಧ್ಯಾಯಿನಿ ನೇಮಕದ ಆದೇಶದಲ್ಲಿ ಬರೆದಿತ್ತು. ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಬಟ್ಟೆಯ ಪೆಟ್ಟಿಗೆಯ ತಳದಲ್ಲಿಟ್ಟಿದ್ದೆ. ದಿನಕ್ಕೊಮ್ಮೆ ತೆಗೆದು ಓದಿ ಮತ್ತೆ ಅದೇ ಮಡಿಕೆಯಲ್ಲಿ ಇಡುತ್ತಿದ್ದೆ.

ಮೈಸೂರಿನ ತರಬೇತಿ ಶಾಲೆಯ ಹಾಸ್ಟೆಲಿನಲ್ಲಿ ಎರಡು ವರ್ಷ ಗಂಟೆಯ ಸದ್ದಿಗೆ ಎದ್ದು ಗಂಟೆಯ ಸದ್ದಿಗೆ ಮಲಗಿದವಳು ನಾನು. ಏಳು ಗಂಟೆ ಎಂದರೆ ಏಳಕ್ಕೆ ಐದು ನಿಮಿಷ ಇರುವಾಗ ಬಾಗಿಲಲ್ಲಿ ನಿಂತಿರಬೇಕು ಎಂದು ಅಲ್ಲಿ ಕಲಿತೆ. ಈಗಲೂ ಹಾಗೆಯೇ ನಿಲ್ಲುತ್ತೇನೆ, ಕರೆದುಕೊಂಡು ಹೋಗಲು ಯಾರೂ ಬಾರದಿದ್ದರೂ. ಆ ಸೋಮವಾರಕ್ಕೂ ನನ್ನ ಲೆಕ್ಕ ಸರಿಯಾಗಿತ್ತು. ಮಧುಗಿರಿಯಿಂದ ಏಳು ಗಂಟೆಯ ಇದ್ದಲು ಬಸ್ಸು, ದಾರಿಯಲ್ಲಿ ಎರಡು ಸಲ ಕೆಟ್ಟರೂ ಒಂಬತ್ತೂವರೆಗೆ ಕೊರಟಗೆರೆ.

ಲೆಕ್ಕ ಕೆಡಿಸಿದವರು ನಮ್ಮ ಯಜಮಾನರು.

"ಹೊಸಾ ಮೇಡಮ್ಮನೋರು ಇದ್ದಲು ಮಸಿ ಬಳ್ಕೊಂಡು ಹೋಗಿ ಇಳಿಯೋದಾ? ಮಕ್ಳು ಹೆದರ್ಕೊಂಡು ಓಡೋಯ್ತವೆ. ಗಾಡಿ ಐತಲ್ಲ, ನಾನೇ ಬಿಟ್ಬರ್ತೀನಿ" ಎಂದರು.

ಅದು ಯುದ್ಧದ ಕಾಲ. ಪೆಟ್ರೋಲು ಕೂಪನ್ನಿಗೆ ಸಿಗುತ್ತಿತ್ತು. ಬಸ್ಸುಗಳ ಬೆನ್ನಿಗೆ ಇದ್ದಲು ಉರಿಸುವ ಹಂಡೆ ಕಟ್ಟಿ ಓಡಿಸುತ್ತಿದ್ದರು. ಯಜಮಾನರು ಎಣ್ಣೆ ಗಿರಣಿಯೊಂದಕ್ಕೆ ಕಡಲೆಕಾಯಿ ನೋಡಿಕೊಂಡು ಬರುವ ಕೆಲಸದಲ್ಲಿದ್ದುದರಿಂದ ಗಿರಣಿಯವರು ಹಳೆಯ ಮೋಟಾರ್ ಸೈಕಲ್ಲೊಂದನ್ನು ಅವರಿಗೆ ಕೊಟ್ಟಿದ್ದರು. ಬ್ಯಾಟರಿಯಲ್ಲಿ ಕರೆಂಟು ಇದ್ದರೆ ಮಾತ್ರ ಹೊತ್ತಿಕೊಳ್ಳುವ ಜಾತಿಯ ಗಾಡಿ. ಆ ಬ್ಯಾಟರಿ ಮುದಿಯಾಗಿತ್ತು. ಹೊಸದು ಯಾವ ಊರಲ್ಲೂ ಸಿಗುತ್ತಿರಲಿಲ್ಲ. ತಿಂಗಳಿಗೆರಡು ಸಲ ಬಸ್ಸಿನಲ್ಲಿ ತುಮಕೂರಿಗೆ ಕಳಿಸಿ ಚಾರ್ಜು ಮಾಡಿಸಬೇಕಾಗಿತ್ತು. ವಾಪಸು ಬಂದ ವಾರದಲ್ಲೇ ಅದು ಸುಸ್ತಾಗುತ್ತಿತ್ತು. "ಆ ತುಮಕೂರಿನೋನು ಕಳ್ಳ. ಚಾರ್ಜೇ ಮಾಡಲ್ಲ, ಮೇಲೆ ಒರ್ಸಿ ಕಳಿಸ್ತಾನೆ" ಎಂದು ಯಜಮಾನರು ಬೈಯುತ್ತಿದ್ದರು.

ಹೀಗಾಗಿ ಮೂರು ತಾಲ್ಲೂಕಿನ ಜನ ಆ ಗಾಡಿಯನ್ನು ತಳ್ಳಿದ್ದರು. ಪಾವಗಡದ ಕಡೆ "ತೊಯ್ಯಂಡ್ರಾ!" ಎಂದು ತೆಲುಗಿನಲ್ಲಿ ತಳ್ಳುತ್ತಿದ್ದರಂತೆ. ಶಿರಾದಲ್ಲಿ "ಧಕ್ಕಾ ಮಾರೋ!" ನಿಡುಗಲ್ಲಿನ ಕೆಳಗೆ ಒಬ್ಬ ರೈತ ಎತ್ತು ಬಿಚ್ಚಿ ತಂದು, "ಕಟ್ಟಿ ಎಳ್ಸಾನಾ, ಇಲ್ಲಾ ಹುಲ್ಲು ಹಾಕಿ ನೋಡಾನಾ?" ಎಂದು ಕೇಳಿದ್ದನಂತೆ. ಇವನ್ನೆಲ್ಲ ಯಜಮಾನರೇ ಊಟಕ್ಕೆ ಕೂತಾಗ ಹೇಳಿ ನಗಿಸುತ್ತಿದ್ದರು. ಅವರಿಗೆ ಆ ಗಾಡಿಯ ಮೇಲೆ ಕೋಪವೇ ಬರುತ್ತಿರಲಿಲ್ಲ.

ಗಾಡಿ ಓಡಿಸದ ದಿನಗಳಲ್ಲಿ ಅವರು ಬ್ಯಾಟರಿಯನ್ನು ಬಿಚ್ಚಿ ತಂದು ಪಡಸಾಲೆಯಲ್ಲಿ ಒಂದು ಹಲಗೆಯ ಮೇಲೆ ಇಡುತ್ತಿದ್ದರು. ನಮ್ಮ ಅತ್ತೆ ಒಮ್ಮೆ ಅದೇನೆಂದು ಕೇಳಿದಾಗ, "ಗಾಡಿ ಜೀವ ಎಲ್ಲಾ ಈ ಪೆಟ್ಟಿಗೇಲೈತೆ ಕಣಮ್ಮ" ಎಂದಿದ್ದರು. ನಮ್ಮದು ಶಿವಭಕ್ತರ ಮನೆ. ಪ್ರತಿ ಸೋಮವಾರ ಸ್ನಾನ ಮಾಡಿ ಅತ್ತೆ ವಿಭೂತಿಯ ಗಟ್ಟಿಯನ್ನು ನೀರಿನಲ್ಲಿ ತೇಯ್ದು ಹೊಸಿಲು, ಬೀಸುವ ಕಲ್ಲು, ಸೇರು, ಕುಡುಗೋಲು ಎಲ್ಲಕ್ಕೂ ಮೂರು ಬೆರಳಿನಲ್ಲಿ ಪಟ್ಟೆ ಎಳೆಯುತ್ತಿದ್ದರು. ಮಗ ಹೇಳಿದ ಮೇಲೆ ಆ ಪೆಟ್ಟಿಗೆಗೂ ಎಳೆದರು. ತಟ್ಟೆ ಹಿಡಿದು ಅವರ ಹಿಂದೆ ಹೋಗುತ್ತಿದ್ದವಳು ನಾನೇ. ಗಟ್ಟಿ ಒಣಗಿದರೆ ನೀರು ಹನಿಸುತ್ತಿದ್ದವಳೂ ನಾನೇ. ಒಮ್ಮೆ ಹಚ್ಚಿದ ವಿಭೂತಿಯನ್ನು ಒರೆಸುವ ಪದ್ಧತಿ ನಮ್ಮಲ್ಲಿರಲಿಲ್ಲ. ತಾನಾಗಿ ಉದುರಬೇಕು, ಇಲ್ಲ, ಮುಂದಿನ ವಾರ ಅದರ ಮೇಲೆಯೇ ಬೀಳಬೇಕು.

ಆ ಸೋಮವಾರವೂ ಬೆಳಗಿನ ಆರಕ್ಕೆ ಅತ್ತೆ ಪಟ್ಟೆ ಎಳೆದರು. ಏಳಕ್ಕೆ ಬಸ್ಸು ಹೋದ ಸದ್ದು ಕೇಳಿಸಿತು. ಎಂಟಕ್ಕೆ ನಾನು ಛತ್ರಿ, ಬುತ್ತಿ, ಪಾಠದ ಟಿಪ್ಪಣಿ ಪುಸ್ತಕ ಹಿಡಿದು ಜಗಲಿಯ ಮೇಲೆ ನಿಂತೆ. ಯಜಮಾನರು ಬ್ಯಾಟರಿಯನ್ನು ಗಾಡಿಗೆ ಸೇರಿಸಿ ಕಾಲಿನಿಂದ ಒದ್ದರು. ಗಾಡಿ ಕೆಮ್ಮಲೂ ಇಲ್ಲ.

"ಚಳಿಗೆ ಹಂಗೇ ಅದು. ಇನ್ನೊಂದ್ ಸಲ."

ಇನ್ನೊಂದು ಸಲ ಇಪ್ಪತ್ತು ಸಲವಾಯಿತು. ಕೋಟೆಯ ಕಡೆಯಿಂದ ಇಳಿಜಾರಿಗೆ ಎರಡು ಬಾರಿ ನೂಕಿದೆವು. ನೂಕಿದೆವು ಎಂದರೆ ನಾನೂ ನೂಕಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಇಸ್ತ್ರಿ ಮಾಡಿದ ಸೀರೆಯಲ್ಲೇ. ಜಟಕಾ ಹಿಡಿಯೋಣವೆಂದು ಎಂಟೂವರೆಗೆ ಹೇಳಿದೆ. "ಈಗ್ ಬತ್ತದೆ ಇರು" ಎಂದರು. ಒಂಬತ್ತಕ್ಕೆ ಹೇಳುವ ಅಗತ್ಯವಿರಲಿಲ್ಲ. ಹನ್ನೊಂದು ಮೈಲಿಯನ್ನು ಒಂದೂವರೆ ಗಂಟೆಯಲ್ಲಿ ಮುಟ್ಟಿಸುವ ಕುದುರೆ ಮಧುಗಿರಿಯಲ್ಲಿರಲಿಲ್ಲ. ಮುಂದಿನ ಬಸ್ಸು ಮಧ್ಯಾಹ್ನಕ್ಕೆ. ಬಟ್ಟೆಯ ಪೆಟ್ಟಿಗೆಯ ತಳದಿಂದ ತೆಗೆದು ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಆದೇಶ ಬೆವರಿಗೆ ನೆನೆಯುತ್ತಿತ್ತು.

ಎದುರು ಮನೆಯಲ್ಲಿ ಗಡಿಯಾರ, ಬೀಗ ರಿಪೇರಿ ಮಾಡುವ ಸಾಬರಿದ್ದರು. ಶಿರಾದಿಂದ ಬಂದು ನೆಲೆಸಿದವರು. ಅಷ್ಟು ಹೊತ್ತೂ ತಮ್ಮ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದವರು ಎದ್ದು ಬಂದರು.

"ಕ್ಯಾ ಭಾಯ್, ಬೆಹನ್‌ಗೆ ನೌಕರಿ ಕೊರಟಗೆರೇಲಿ ಅಲ್ವಾ? ನೀವು ಈ ಬೀದೀಲೇ ಕವಾಯತು ಮಾಡಿಸ್ತಾ ಇದೀರಲ್ಲ!"

"ತಮಾಷೆ ಬುಡಿ ಸಾಬ್ರೇ. ಆ ತುಮಕೂರಿನೋನು..."

"ತುಮಕೂರು ಬಾಜೂಕಿಡಿ. ಡಬ್ಬಿ ತೋರ್ಸಿ."

ಅವರು ಬಗ್ಗಿ ಬ್ಯಾಟರಿಯನ್ನು ನೋಡಿದರು. ಮುಟ್ಟಲಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು ಮೂಗಿನ ತುದಿಯ ಕನ್ನಡಕದಿಂದ ಹಾಗೇ ನೋಡಿದರು. ಈ ಕೊನೆಯ ಸೀಸದ ಗುಬುಟಿನಿಂದ ಆ ಕೊನೆಯ ಗುಬುಟಿನ ತನಕ ಮೂರು ಪಟ್ಟೆ. ಅದರ ಅಡಿಯಲ್ಲಿ ಹಿಂದಿನ ವಾರಗಳ ಪಟ್ಟೆ. ಆ್ಯಸಿಡ್ಡು ಕುಡಿದು ದಪ್ಪನೆ ಹೊಪ್ಪಳೆಯಾಗಿ ಬೆಳೆದು, ಅಂಚಿನಲ್ಲಿ ಒದ್ದೆಯಾಗಿ ಹಸಿರುಗಟ್ಟಿತ್ತು.

"ಇದು ಒದ್ದೆ ಇದ್ದಷ್ಟು ಹೊತ್ತೂ ಕರೆಂಟು ಈ ಕಡೆಯಿಂದ ಆ ಕಡೆಗೆ ಸೋರ್ತದೆ. ನೀವು ಮಲಗಿದ್ದಾಗಲೂ ಸೋರ್ತದೆ. ತುಮಕೂರಿನೋನು ತುಂಬಿ ಕಳಿಸ್ತಾನೆ, ಇಲ್ಲಿ ಖಾಲಿ ಆಗ್ತದೆ" ಎಂದು ಮೆಲ್ಲಗೆ ಹೇಳಿದರು. "ಒರ್ಸಬೇಕು. ನಾನು ಒರ್ಸಬಾರ್ದು. ನಿಮ್ಮ ದೇವ್ರದು."

ಯಜಮಾನರು ಜಗಲಿಯ ಕಡೆ ನೋಡಿದರು. ಅತ್ತೆ ಕಂಬ ಹಿಡಿದು ನಿಂತಿದ್ದರು. ಗಂಡ ಹೋದ ಮೇಲೆ ಒಬ್ಬಳೇ ಮಗನನ್ನು ಬೆಳೆಸಿದ ಹೆಂಗಸು. ಸೊಸೆ ಕೆಲಸಕ್ಕೆ ಹೋಗುವುದೇ ಎಂದು ನೆಂಟರು ಮೂಗು ಮುರಿದಾಗ, "ನನ್ನ ಕಾಲದಾಗೆ ನಂಗ್ಯಾರಾದ್ರೂ ನಾಕಕ್ಷರ ಕಲ್ಸಿದ್ರೆ ನಾನೂ ಹೋಗ್ತಿದ್ದೆ ಕಣ್ರೋ" ಎಂದು ಬಾಯಿ ಮುಚ್ಚಿಸಿದವರು ಅವರು. ಅವರು ಎಳೆದ ಪಟ್ಟೆಯಿಂದಲೇ ನನ್ನ ಕೆಲಸ ಹೋಯಿತು ಎಂದು ಬೀದಿಯಲ್ಲಿ ನಿಂತು ಹೇಳುವುದು ಹೇಗೆ?

"ನಾನೇ ಹಚ್ಚಿದ್ದು" ಎಂದೆ. "ಗೊತ್ತಾಗಲಿಲ್ಲ."

ಅತ್ತೆ ಮೆಟ್ಟಿಲಿಳಿದು ಬಂದರು.

"ಸುಳ್ಳು ಹೇಳಕ್ಕೂ ಮೈಸೂರಲ್ಲಿ ಕಲ್ಸವ್ರಾ ನಿಂಗೆ? ಸಾಬ್ರೇ, ಹಚ್ಚಿದ್ದು ನಾನು. ಲೇ, ಜೀವ ಇದ್ರಾಗೈತೆ ಅಂದೋನು ನೀನು. ಎಲ್ಲಿ ಹಚ್ಬಾರ್ದು ಅಂತ ಯಾಕ್ಲಾ ಹೇಳ್ನಿಲ್ಲ?"

"ನಂಗೂ ಗೊತ್ತಿರ್ನಿಲ್ಲ ಕಣಮ್ಮ."

"ಗೊತ್ತಿಲ್ದೋನು ಮೂರು ತಾಲ್ಲೂಕು ತಿರಗ್ತೀಯಾ." ಅಷ್ಟು ಹೇಳಿ ಅವರು ತಮ್ಮ ಸೆರಗಿನ ತುದಿಯನ್ನು ಬಿಂದಿಗೆಯಲ್ಲಿ ಅದ್ದಿ, ಬಗ್ಗಿ, ವಿಭೂತಿಯನ್ನು ಒರೆಸಿದರು. ಒಂದು ಸಲವಲ್ಲ, ಕಪ್ಪು ಮೈ ಕಾಣುವ ತನಕ. ಆಮೇಲೆ ಒಣಬಟ್ಟೆಯಲ್ಲಿ ಉಜ್ಜಿದರು. ಆ ಸೆರಗು ಆ್ಯಸಿಡ್ಡಿಗೆ ಸುಟ್ಟು ಮುಂದಿನ ತಿಂಗಳಷ್ಟರಲ್ಲಿ ಜರಡಿಯಾಯಿತು. ಅವರು ಆ ಸೀರೆಯನ್ನು ಬಹಳ ದಿನ ಉಟ್ಟರು.

"ಸೋರೋದೇನೋ ನಿಲ್ತು. ಒಳಗೆ ಏನೂ ಇಲ್ಲವಲ್ಲ?" ಎಂದೆ. ಸಾಬರ ಮನೆಯ ಗಡಿಯಾರ ಒಂಬತ್ತು ಇಪ್ಪತ್ತು ತೋರಿಸುತ್ತಿತ್ತು.

ಸಾಬರು ಆಗಲೇ ತಮ್ಮ ಮನೆಯಿಂದ ಎರಡು ಟಾರ್ಚು ತರುತ್ತಿದ್ದರು. ಒಂದೊಂದರಲ್ಲಿ ಎರಡು ಸೆಲ್ಲು. "ನಾಲ್ಕನ್ನೂ ಸಾಲಾಗಿ ನಿಲ್ಸಿದ್ರೆ ಗಾಡಿ ಬ್ಯಾಟರಿಯಷ್ಟೇ ಜೋರು. ದಮ್ಮು ಜಾಸ್ತಿ ಹೊತ್ತು ಇರಲ್ಲ. ಒಂದ್ ಸಲ ಹೊತ್ಕೊಂಡ್ರೆ ಸಾಕು, ಆಮೇಲೆ ಎಂಜಿನ್ನೇ ತನಗೆ ಬೇಕಾದ ಕರೆಂಟು ತಯಾರಿಸ್ಕೊಳ್ತದೆ. ಸುತ್ತಕ್ಕೆ ಏನಾದ್ರೂ ಗಟ್ಟಿ ಕಾಗದ ಕೊಡಿ."

ನನ್ನ ಕೈಯಲ್ಲಿದ್ದದ್ದು ಪಾಠದ ಟಿಪ್ಪಣಿ ಪುಸ್ತಕ. ಮೊದಲ ವಾರದ ಪಾಠಗಳನ್ನೆಲ್ಲ ಕೆಂಪು ಗೆರೆ ಹಾಕಿ ಬರೆದಿಟ್ಟಿದ್ದೆ. ಅದರ ಮೂಲೆ ಮಡಚಿದರೂ ನಾನು ಸಹಿಸುತ್ತಿರಲಿಲ್ಲ. ಅದನ್ನೇ ಕೊಟ್ಟೆ. ಸಾಬರು ನಾಲ್ಕು ಸೆಲ್ಲನ್ನು ಅದರೊಳಗೆ ಸುರುಳಿ ಸುತ್ತಿದರು. ನಾನು ಜಡೆಯ ಟೇಪು ಬಿಚ್ಚಿ ಬಿಗಿದೆ. ಎರಡು ತುದಿಗೂ ತಂತಿ ಒತ್ತಿ ಹಿಡಿದು ಅವರು, "ಈಗ ಹೊಡೀರಿ ಭಾಯ್, ಅಲ್ಲಾನ ಹೆಸರಲ್ಲಿ" ಎಂದರು. "ಶಿವನ ಹೆಸರಲ್ಲೂ" ಎಂದರು ಅತ್ತೆ.

ಮೂರನೆಯ ಒದೆತಕ್ಕೆ ಗಾಡಿ ಗುಡುಗಿತು.

ಸಾಬರು ತಂತಿಗಳನ್ನು ಬ್ಯಾಟರಿಗೆ ಬದಲಾಯಿಸಿ, ಸುರುಳಿಯನ್ನು ಗಾಡಿಯ ಪಕ್ಕಕ್ಕೆ ಕಟ್ಟಿದರು. "ದಾರೀಲಿ ನಿಂತ್ರೆ ಇದು ಬೇಕಾಗ್ತದೆ. ನಿಲ್ಲಿಸ್ಬೇಡಿ. ಯಾರು ಕೈ ತೋರ್ಸಿದ್ರೂ ನಿಲ್ಲಿಸ್ಬೇಡಿ!"

ನಿಲ್ಲಿಸಲಿಲ್ಲ. ದಾರಿಯಲ್ಲಿ ಕುರಿಮಂದೆಯೊಂದು ಅಡ್ಡ ಬಂದಾಗ ಯಜಮಾನರು ಹೊಲಕ್ಕಿಳಿಸಿ, ಹುರುಳಿ ಸಾಲಿನ ಪಕ್ಕದಲ್ಲೇ ಓಡಿಸಿ ಮತ್ತೆ ರಸ್ತೆಗೆ ಹತ್ತಿಸಿದರು. ಕೊರಟಗೆರೆಯ ಶಾಲೆಯ ಮುಂದಿನ ಬಯಲಲ್ಲಿ ಗಾಡಿ ನಿಧಾನವಾಯಿತು. "ಇಳಿ, ಇಳಿ!" ಎಂದರು. ಇಳಿದೆ. ಅವರು ನಿಲ್ಲದೆ ಬಯಲಲ್ಲಿ ಸುತ್ತು ಹಾಕತೊಡಗಿದರು.

ಒಳಗೆ ಮುಖ್ಯೋಪಾಧ್ಯಾಯಿನಿಯವರು ಗೋಡೆಯ ಗಡಿಯಾರ ನೋಡಿದರು. ಹತ್ತು ಇಪ್ಪತ್ತೆಂಟು. ನನ್ನ ಬಿಚ್ಚಿದ ಜಡೆ ನೋಡಿದರು, ಧೂಳು ನೋಡಿದರು. ಹಾಜರಿ ಪುಸ್ತಕ ಮುಂದಿಟ್ಟರು. ರುಜು ಹಾಕಿದೆ.

"ಪಾಠದ ಟಿಪ್ಪಣಿ ತಂದಿದೀರಾ?"

"ತಂದಿದೀನಿ ಮೇಡಂ. ಅಗೋ, ಹೊರಗೆ ಓಡ್ತಾ ಇದೆ."

ಅವರು ಕಿಟಕಿಯಿಂದ ನೋಡಿದರು. ಧೂಳಿನ ನಡುವೆ ಒಬ್ಬ ಮನುಷ್ಯ ಗಿರಗಿರನೆ ಸುತ್ತುತ್ತಿದ್ದ. ನಾನು ಕಿಟಕಿಯಲ್ಲಿ ಕೈ ಎತ್ತಿದೆ. ಯಜಮಾನರು ಒಂದು ಕೈ ಎತ್ತಿ, ಗಾಡಿ ವಾಲಿ, ಸರಿಮಾಡಿಕೊಂಡು ಮಧುಗಿರಿಯ ದಾರಿ ಹಿಡಿದರು. ಆ ಸದ್ದು ಊರಾಚೆ ಕರಗುವ ತನಕ ನಾನು ಕಿಟಕಿ ಬಿಡಲಿಲ್ಲ. ಅವರು ಹೋಗಿ ಇಷ್ಟು ವರ್ಷವಾದ ಮೇಲೂ ಬೀದಿಯಲ್ಲಿ ಯಾವುದಾದರೂ ಗಾಡಿ ಒದ್ದರೂ ಹೊತ್ತಿಕೊಳ್ಳದೆ ಕೆಮ್ಮಿದರೆ, ನಾನು ಓದುತ್ತಿರುವುದನ್ನು ಬಿಟ್ಟು ಮೂರನೆಯ ಒದೆತಕ್ಕೆ ಕಾಯುತ್ತೇನೆ.

ವಾರದ ದಿನಗಳಲ್ಲಿ ಕೊರಟಗೆರೆಯಲ್ಲೇ ಒಂದು ಕೋಣೆಯಲ್ಲಿದ್ದು ಶನಿವಾರ ಬಸ್ಸಿನಲ್ಲಿ ಊರಿಗೆ ಬಂದೆ. ಸೋಮವಾರ ಬೆಳಗಿನ ಆರಕ್ಕೆ ಎಂದಿನಂತೆ ತಟ್ಟೆ ಹಿಡಿದು ಅತ್ತೆಯ ಹಿಂದೆ ಹೊರಟೆ. ಹೊಸಿಲು, ಬೀಸುವ ಕಲ್ಲು, ಸೇರು, ಕುಡುಗೋಲು. ಬ್ಯಾಟರಿಯ ಹಲಗೆಯ ಮುಂದೆ ಅವರು ನಿಂತರು. ತೇಯ್ದ ವಿಭೂತಿ ಮೂರು ಬೆರಳ ತುದಿಯಲ್ಲಿ ಹಸಿಯಾಗಿತ್ತು. ಪೆಟ್ಟಿಗೆಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ಆಗಲೇ ಹಣೆಗೆ ಹಚ್ಚಿಕೊಂಡಾಗಿತ್ತು. ಆದರೂ ನನ್ನ ಗಲ್ಲ ಹಿಡಿದು, ಹಣೆಯ ಪಟ್ಟೆಯ ಮೇಲೆಯೇ ಈ ಕಿವಿಯಿಂದ ಆ ಕಿವಿಯ ತನಕ ಅಗಲವಾಗಿ ಎಳೆದರು.

"ಇಲ್ಲೇನೂ ಕರೆಂಟು ಸೋರಲ್ಲ ತಾನೇ?" ಎಂದರು. "ಬಿರ್‌ಬಿರ್ನೆ ನಡಿ. ಏಳ್ಗಂಟೆ ಬಸ್ಸು."